ನಾಸ್ತಿಕರ ಕಟ್ಟೆ ಕಾದ ರೇಣವ್ವ

ಬೆಳಗಾವಿಯ ಶಹಾಪುರದ ಒಳಓಣಿಯೊಂದರಲ್ಲಿ ರೇಣವ್ವನ ಮನೆ. ಮುಂದಿನ ಕೋಣೆಯಲ್ಲಿ ಪಿಕೋ ಮಷೀನು, ಗೋಡೆಯುದ್ದಕ್ಕೂ ಗಿರಾಕಿಗಳ ಸೀರೆಗಳು, ಬಾಜು ಮನೆಗಳಿಂದ ದಿನವಿಡೀ ಮಗ್ಗದ ಸದ್ದು. ಸೀರೆಗೆ ಫಾಲ್ ಹಚ್ಚುವುದು, ಅಂಚಿಗೆ ಪಿಕೋ ಹೊಡೆಯುವುದು ಅವಳ ಕೆಲಸ. ಮದುವೆಯ ತಿಂಗಳು ಬಂತೆಂದರೆ ಉಣ್ಣಲೂ ಪುರುಸೊತ್ತಿರುತ್ತಿರಲಿಲ್ಲ. ಆದರೆ ಎಷ್ಟೇ ಕೆಲಸವಿರಲಿ, ಬೆಳಗ್ಗೆ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ಕೂತಳೆಂದರೆ ಅಷ್ಟು ಹೊತ್ತು ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ಪೂಜೆ ಮುಗಿಯದೆ ಬಾಯಿಗೆ ನೀರು ಹಾಕಿದವಳಲ್ಲ. ಅದು ಮುಗಿದು, ಚಹಾ ಕುಡಿದು, ಮೊಬೈಲು ಕೈಗೆತ್ತಿಕೊಂಡು ಅವಳು ಮಾಡುತ್ತಿದ್ದ ಮೊದಲ ಕೆಲಸವೆಂದರೆ ದೇವರಿಲ್ಲ ಎನ್ನುವವರ ಮಾತುಗಳನ್ನು ಒಂದೊಂದಾಗಿ ಓದಿ, ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಆರಿಸುವುದು.

ಈ ಕೆಲಸ ಅವಳ ಪಾಲಿಗೆ ಬಂದದ್ದು ಗಂಡನ ಕಣ್ಣು ಹೋದ ಮೇಲೆ.

ಗಂಡ ಶಶಿಧರ ಮಾಸ್ತರರು ಖಾನಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಬೆಳಗಾವಿಯಿಂದ ದಿನಾ ರೈಲಿನಲ್ಲಿ ಹೋಗಿ ಬರುವುದು. ಬಸವಣ್ಣನ ಮಾರ್ಗದ ಮನೆತನದಲ್ಲೇ ಹುಟ್ಟಿದ್ದರೂ ಕಾಲೇಜಿಗೆ ಹೋಗುವ ವಯಸ್ಸಿನಲ್ಲೇ ಲಿಂಗ ಬಿಚ್ಚಿಟ್ಟವರು. ಹೆಣ್ಣು ನೋಡಲು ಬಂದಾಗಲೇ ರೇಣವ್ವನಿಗೆ ಅದನ್ನು ಹೇಳಿದ್ದರು. "ನಿನ್ನ ಪೂಜಾಕ್ಕ ನಾ ಅಡ್ಡ ಬರಂಗಿಲ್ಲ. ನನ್ನನ್ನ ಅದಕ್ಕ ಕರೀಬ್ಯಾಡ" ಎಂದಿದ್ದರು. ರೇಣವ್ವ ಒಪ್ಪಿದ್ದಳು. ಇಬ್ಬರೂ ಮಾತಿಗೆ ತಪ್ಪಿರಲಿಲ್ಲ.

ಮಾಸ್ತರರು ಹಳೆಯ ವಿದ್ಯಾರ್ಥಿಗಳ ಸಹಾಯದಿಂದ ಅಂತರ್ಜಾಲದಲ್ಲಿ 'ಪ್ರಶ್ನೆಕಟ್ಟೆ' ಎಂಬ ತಾಣ ತೆರೆದಿದ್ದರು. ವಾರಕ್ಕೊಂದು ಲೇಖನ ಹಾಕುವುದು, ಕೆಳಗೆ ಜನ ತಮ್ಮ ಅಭಿಪ್ರಾಯ ಬರೆಯುವುದು. ಬೆಳಗಾವಿ, ಖಾನಾಪುರ, ಧಾರವಾಡದ ನಾಸ್ತಿಕರು, ಅರೆನಾಸ್ತಿಕರು, ಅವರ ಕೂಡ ಜಗಳಾಡಲೆಂದೇ ಬರುವ ಆಸ್ತಿಕರು, ಎಲ್ಲರೂ ಅಲ್ಲಿ ಸೇರುತ್ತಿದ್ದರು. ಬರೆದದ್ದು ನೇರ ಕಾಣಿಸಿಕೊಳ್ಳುತ್ತಿರಲಿಲ್ಲ. ಮಾಸ್ತರರು ಓದಿ ಒಪ್ಪಿದ ಮೇಲೆಯೇ ಹೊರಗೆ ಬರುತ್ತಿತ್ತು. ನೇಮಗಳನ್ನು ಅವರು ಆಡುಮಾತಿನಲ್ಲೇ ಬರೆದು ಮೇಲೆ ಹಾಕಿದ್ದರು: ವಿಚಾರಕ್ಕ ಬಡೀರಿ, ಮನಷಾಗ ಬಡೀಬ್ಯಾಡ್ರಿ. ಯಾರ ಜಾತಿನೂ ತಗೀಬ್ಯಾಡ್ರಿ. ಮನಿ ಹೆಣಮಕ್ಕಳ ಸುದ್ದಿಗೆ ಹೋಗಬ್ಯಾಡ್ರಿ.

ಸಕ್ಕರೆ ಕಾಯಿಲೆ ಅವರ ಕಣ್ಣಿನ ಒಳಪದರಕ್ಕೆ ಹೊಕ್ಕಿತು. ಲೇಸರ್ ಆಯಿತು, ಇಂಜೆಕ್ಷನ್ ಆಯಿತು, ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯದಂತಾಯಿತು. ನೌಕರಿ ಬಿಟ್ಟರು. ಕಟ್ಟೆ ಬಿಡಲಿಲ್ಲ. ಮೊಬೈಲಿಗೆ ಓದಿ ಹೇಳುವ ದನಿ ಹಾಕಿಸಿಕೊಂಡರು. ಅದೋ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಓದುವಾಗ ಬಾಯಲ್ಲಿ ಹುಣಸೆಬೀಜ ಇಟ್ಟುಕೊಂಡವರಂತೆ ಒದರುತ್ತಿತ್ತು. ನಡುವೆ ಮರಾಠಿ ಬಂದರೆ ಪೂರ್ತಿ ಕೈಚೆಲ್ಲುತ್ತಿತ್ತು. ಪಿಕೋ ಹೊಡೆಯುತ್ತ ಕೂತಿದ್ದ ರೇಣವ್ವನಿಗೆ ಅದನ್ನು ಕೇಳಿ ಕೇಳಿ ಸಾಕಾಯಿತು.

"ಕೊಡ್ರಿಲ್ಲೆ. ನಾ ಓದತೇನಿ" ಎಂದಳು.

ಮೊದಲ ದಿನವೇ ತೊಡಕು ಬಂತು. ನಾಲ್ಕು ಮಾತು ಓದಿದವಳು ಐದನೆಯದಕ್ಕೆ ಗಪ್ಪಾದಳು.

"ಯಾಕ ನಿಂತಿ?"

"ಇದನ್ನ ನಾ ಬಾಯಿಲೆ ಅನ್ನಂಗಿಲ್ರಿ."

"ಯಾರ ಮ್ಯಾಲ ಐತಿ?"

"ನಿಮ್ಮ ಅವ್ವನ ಮ್ಯಾಲ."

"ಹಂಗಾರ ತಗೀ" ಎಂದರು ಮಾಸ್ತರರು, ಬಹಳ ಶಾಂತವಾಗಿ. "ಆಕಿ ಇದ್ದಿದ್ರ ತಾನಽ ಉತ್ತರ ಕೊಡ್ತಿದ್ಲು."

ಹೀಗೆ ಆರಂಭವಾಯಿತು. ಅವಳು ಓದುವಳು, ಅವರು 'ಇರ್ಲಿ' ಅಥವಾ 'ತಗೀ' ಎನ್ನುವರು, ಅವಳು ಗುಂಡಿ ಒತ್ತುವಳು. ಸ್ವಲ್ಪ ದಿನಕ್ಕೆ ರೇಣವ್ವನಿಗೆ ಒಂದು ಸಂಗತಿ ಹೊಳೆಯಿತು. "ದೇವರ ಅದಾನ ಅನ್ನಾವರೂ ಅದಽ ಬೈಗುಳ ಬೈತಾರ, ಇಲ್ಲ ಅನ್ನಾವರೂ ಅದನ್ನಽ ಬೈತಾರ. ಇದೊಂದ್ರಾಗ ಇಬ್ಬರಿಗೂ ಒಮ್ಮತ ಐತಿ ನೋಡ್ರಿ" ಎಂದಾಗ ಮಾಸ್ತರರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬರಬರುತ್ತ ಎಲ್ಲವನ್ನೂ ಓದಿ ಹೇಳುವ ಅಗತ್ಯ ಉಳಿಯಲಿಲ್ಲ. ನೇಮ ಅವಳಿಗೆ ಕರಗತವಾಗಿತ್ತು. ಬೈಗುಳಗಳನ್ನು ತಾನೇ ತೆಗೆದು, ಸ್ವಾರಸ್ಯವಿದ್ದದ್ದನ್ನು ಮಾತ್ರ ಗಂಡನಿಗೆ ಓದಿ ಹೇಳತೊಡಗಿದಳು. ಕಟ್ಟೆಗೆ ಬರುವವರು ಮಾತ್ರ ಈಗಲೂ ಮಾಸ್ತರರೇ ನೋಡುತ್ತಾರೆಂದು ತಿಳಿದಿದ್ದರು. ತಿಳಿಸಬೇಕೆಂದು ಇಬ್ಬರಿಗೂ ತೋಚಿರಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಒಂದು ಶ್ರಾವಣದಲ್ಲಿ, ಪೂಜೆಪುನಸ್ಕಾರದ ಮೇಲೆ ಯಾರೋ ಬರೆದ ಲೇಖನದ ಕೆಳಗೆ ಗೌರೀಶನ ಮಾತು ಬಂತು. ಗೌರೀಶ ಮಾಸ್ತರರ ಹಳೆಯ ವಿದ್ಯಾರ್ಥಿ. ಖಾನಾಪುರದ ಪೇಟೆಯಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ ಇಟ್ಟವನು, ಕಟ್ಟೆಯಲ್ಲಿ ಎಲ್ಲರಿಗಿಂತ ಚೂಪಾಗಿ ಬರೆಯುವವನು. ಅವನು ಬರೆದಿದ್ದ: 'ಕೊರಳಿಗೆ ಕಲ್ಲು ಕಟ್ಟಿಕೊಂಡು ಬಾವಿಗೆ ಬಿದ್ದವರನ್ನು ನೋಡಿದ್ದೇನೆ. ಕೊರಳಿಗೆ ಕಲ್ಲು ಕಟ್ಟಿಕೊಂಡು ಜೀವಮಾನವಿಡೀ ಓಡಾಡುವವರನ್ನೂ ನೋಡಿದ್ದೇನೆ. ಇಬ್ಬರಿಗೂ ಭಾರ ಒಂದೇ.'

ರೇಣವ್ವ ಎರಡು ಸಲ ಓದಿದಳು. ಆಗಷ್ಟೇ ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಹಾಕಿ ಕೊರಳಿಗೆ ಇಳಿಬಿಟ್ಟಿದ್ದಳು. ಬೆರಳು ತಾನಾಗಿಯೇ ಹೋಗಿ ಅದನ್ನು ಕಸದ ಡಬ್ಬಿಗೆ ತಳ್ಳಿತು.

"ಇವತ್ತೇನರ ವಿಶೇಷ?" ಎಂದು ಮಾಸ್ತರರು ಕೇಳಿದರು.

"ಏನೂ ಇಲ್ರಿ" ಎಂದು ಮಷೀನಿಗೆ ಕೂತಳು. ಆ ದಿನ ಹೊಡೆದ ಅಂಚು ಎರಡು ಕಡೆ ಸೊಟ್ಟಾಯಿತು. ಬಿಚ್ಚಿ ಮತ್ತೆ ಹೊಡೆದಳು.

ವಾರದೊಳಗೆ ಗೌರೀಶನ ಫೋನು ಬಂತು. "ಸರ್, ನನ್ನ ಕಮೆಂಟ್ ಯಾಕ ತಗದ್ರಿ? ಯಾವ ನೇಮ ಮುರದೇನಿ ನಾ?" ಎಂಬುದು ರೇಣವ್ವನಿಗೂ ಕೇಳಿಸಿತು. "ನಾ ತಗದಿಲ್ಲೋ ತಮ್ಮಾ..." ಎನ್ನುತ್ತ ಮಾಸ್ತರರು ನಡುವೆಯೇ ನಿಂತರು. "ಆಮ್ಯಾಲ ಮಾಡ್ತೀನಿ" ಎಂದು ಫೋನಿಟ್ಟರು.

"ರೇಣಾ, ಗೌರೀಶಂದು ಏನರ ತಗದೀ?"

ಮಷೀನು ನಿಂತಿತು. "ತಗದೇನಿ."

"ಯಾಕ?"

"ಉರೀತು. ತಗದೆ."

"ಓದು ನೋಡೂಣು."

ಅವಳು ಕಸದ ಡಬ್ಬಿಯಿಂದ ಹುಡುಕಿ ತೆಗೆದು ಓದಿದಳು. ಕಡೆಯ ಸಾಲಿಗೆ ಮಾಸ್ತರರ ತುಟಿಯಂಚಿನಲ್ಲಿ ನಗು ಮೂಡಿತು. ಕಾಣದವರಿಗೆ ತಮ್ಮ ನಗು ಬೇರೆಯವರಿಗೆ ಕಾಣುತ್ತದೆಂಬುದು ಮರೆತುಹೋಗುತ್ತದೆ.

"ನಗ್ತೀರಿ?"

"ಮಾತು ಚಂದ ಕಟ್ಯಾನ..."

"ಆ ಕಲ್ಲು ನನ್ನ ಕೊರಳಾಗ ಐತ್ರಿ. ದಿನಾ ನಿಮಗ ಓದಿ ಹೇಳಾಕಿ ಕೊರಳಾಗ."

ಮಾಸ್ತರರ ಮುಖ ಸಣ್ಣದಾಯಿತು. ಹೊರಗೆ ಮಗ್ಗಗಳು ಹೊಡೆದುಕೊಳ್ಳುತ್ತಲೇ ಇದ್ದವು. "ತಪ್ಪಾತು ರೇಣಾ, ನಗಬಾರದಿತ್ತು" ಎಂದರು. ಆಮೇಲೆ ತಡೆದು ತಡೆದು, "ಆದ್ರ..." ಎಂದರು.

"ಆದ್ರ ನೇಮದ ಪ್ರಕಾರ ಅದು ಇರಬೇಕು. ನನಗ ಗೊತ್ತಿಲ್ಲೇನ್ರಿ? ಗೊತ್ತಿತ್ತಂತನಽ ನಿಮ್ಮ ಮುಂದ ಹೇಳಲಿಲ್ಲ." ಹಾಗೆಂದವಳೇ ಗೌರೀಶನ ಮಾತನ್ನು ತಿರುಗಿ ಕಟ್ಟೆಗೆ ಹಾಕಿದಳು. "ತಗದಾಕಿ ನಾನು ಅಂತ ಅವರಿಗೆ ತಿಳೀಬೇಕು."

"ಬ್ಯಾಡ. ನಾನಽ ತಗದಿದ್ದೆ ಅಂತೀನಿ."

"ಮಕ್ಕಳಿಗೆ ಸುಳ್ಳು ಹೇಳಬ್ಯಾಡ್ರಿ ಅಂತ ಕಲಿಸಿದವರು ನೀವು" ಎಂದು ರೇಣವ್ವ ತಾನೇ ಬರೆಯಲು ಕೂತಳು. ಬರೆದದ್ದು ಇಷ್ಟೇ: 'ನಾನು ರೇಣವ್ವ, ಶಶಿಧರ ಮಾಸ್ತರರ ಹೆಂಡತಿ. ಅವರಿಗೆ ಕಣ್ಣು ಕಾಣುವುದಿಲ್ಲ. ಎರಡು ವರ್ಷದಿಂದ ನಿಮ್ಮ ಮಾತುಗಳನ್ನು ಆರಿಸುತ್ತಿರುವವಳು ನಾನು. ನಾನು ದಿನಾ ಲಿಂಗಪೂಜೆ ಮಾಡುತ್ತೇನೆ. ಗೌರೀಶರ ಮಾತು ನನಗೆ ನೋವಾಯಿತೆಂದು ತೆಗೆದೆ. ಅದು ನೇಮವಲ್ಲ. ತಿರುಗಿ ಹಾಕಿದ್ದೇನೆ.'

ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ನಾಸ್ತಿಕರ ಮಾತಿಗೆ ಭಕ್ತೆಯೊಬ್ಬಳ ಕಾವಲೇ ಎಂದು ಒಬ್ಬ. ಬೆಕ್ಕಿಗೆ ಹಾಲು ಕಾಯಲು ಹಚ್ಚಿದಿರಲ್ಲ ಮಾಸ್ತರರೇ ಎಂದು ಇನ್ನೊಬ್ಬ. ಎರಡು ವರ್ಷದಲ್ಲಿ ಇನ್ನೂ ಏನೇನು ಮಾಯವಾಗಿದೆಯೋ ಎಂದು ಮತ್ತೊಬ್ಬ. ವಿಚಿತ್ರವೆಂದರೆ ಅವಳನ್ನು ತೆಗೆದುಹಾಕಿರೆಂದು ಕೇಳುವ ಈ ಮಾತುಗಳಿಗೆಲ್ಲ ಒಪ್ಪಿಗೆ ಕೊಡಬೇಕಾದವಳೂ ಅವಳೇ. ಒಂದನ್ನೂ ಬಿಡದೆ ಎಲ್ಲವನ್ನೂ ಹೊರಗೆ ಬಿಟ್ಟಳು. ಒಂದು ಮಾತ್ರ ಅವಳ ನಡತೆಯ ಬಗ್ಗೆಯೇ ಹೊಲಸಾಗಿತ್ತು. ಅದಕ್ಕೆ ಅವಳ ಬೆರಳು ಏಳಲಿಲ್ಲ. "ಇದು ನನ್ನ ಸುದ್ದಿ ಐತಿ. ನೀವಽ ಹೇಳ್ರಿ" ಎಂದು ಗಂಡನ ಪಕ್ಕ ಕೂತು, ಹೊಲಸು ಮಾತಿಗೆ ಎಂದೂ ಬಾಯಿ ಬಿಡದವಳು ಅಂದು ಬಾಯಿಬಿಟ್ಟು ಓದಿದಳು. ಮಾಸ್ತರರು "ತಗೀ" ಎಂದರು.

ಫೋನಿನಲ್ಲಿ ಬಗೆಹರಿಯುವ ಜಗಳವಲ್ಲವೆಂದು ಮಾಸ್ತರರು ಒಂದು ರವಿವಾರ ಎಲ್ಲರನ್ನೂ ಖಾನಾಪುರಕ್ಕೆ ಕರೆದರು. ಗಂಡ ಹೆಂಡತಿ ರೈಲು ಹಿಡಿದು ಹೋದರು. ದೇಸೂರು ದಾಟಿದ ಮೇಲೆ ಕಿಟಕಿಯಾಚೆ ಭತ್ತದ ಗದ್ದೆಗಳಿಗೆ ನೀರು ತುಂಬಿತ್ತು. ರೇಣವ್ವ ಕಂಡದ್ದನ್ನೆಲ್ಲ ಹೇಳುತ್ತ ಹೋದಳು.

ಗೌರೀಶನ ಅಂಗಡಿಯ ಹಿಂದಿನ ಪತ್ರಾಸಿನ ತಗಡು ಹೊದಿಸಿದ ಚಪ್ಪರದಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಗೌರೀಶ ಕುಳ್ಳನೆಯ ಆಳು, ವಾರ್ನಿಶ್ ಹತ್ತಿ ಕಪ್ಪಾದ ಬೆರಳುಗಳು. ಬರಹದಲ್ಲಿದ್ದ ಖಾರ ಮಾತಿನಲ್ಲಿ ಇರಲಿಲ್ಲ. "ಕುಂದರ್ರಿ ಅಕ್ಕಾರ" ಎಂದು ತಾನೇ ಖುರ್ಚಿ ಒರೆಸಿ ಕೊಟ್ಟ. ಎಲ್ಲರಿಗೂ ಚಹಾ ಆದ ಮೇಲೆ ಅವನೇ ಕೇಳಿದ: "ದೇವರ ಇಲ್ಲ ಅಂತ ದಿನಾ ಓದೂವಾಗ ನಿಮಗ ಏನೂ ಅನಸಂಗಿಲ್ಲೇನ್ರಿ?"

"ಮೊದಮೊದಲು ಭಾಳ ಅನಸ್ತಿತ್ತಪಾ. ಆದ್ರ ಮದುವಿ ಆದಾಗಿಂದ ಮನ್ಯಾಗ ಅದನ್ನಽ ಕೇಳಕೋತ ಬಂದೇನಿ. ಇವರು ಇಲ್ಲ ಅಂತಾರಂತ ನಾ ಬಿಟ್ಟಿಲ್ಲ, ನಾ ಮಾಡ್ತೀನಂತ ಇವರು ಬಂದಿಲ್ಲ."

"ಹಂಗಾರ ನಂದೊಂದಽ ಯಾಕ ತಗದ್ರಿ?"

"ಉಳಿದವು ದೇವರ ಸುದ್ದಿ ಇದ್ದುವು. ನಿಂದು ನನ್ನ ಸುದ್ದಿ ಅನಿಸ್ತು. ನೀ ನನ್ನ ನೋಡಿ ಬರದಿಲ್ಲ, ಅದು ಗೊತ್ತೈತಿ. ಆದ್ರೂ ಅನಿಸ್ತು."

ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವ ಅನಿಕೇತ, ಮನೆಯಲ್ಲಿ ಮರಾಠಿ ಆಡುವವನು, ರೇಣವ್ವನನ್ನು ಅತ್ತಿಗೆ ಎನ್ನಲು ವಹಿನಿ ಎನ್ನುತ್ತ ಒಂದು ಉಪಾಯ ಹೇಳಿದ. "ವಹಿನಿ ಚಲೋನೇ ಕೆಲಸ ಮಾಡ್ಯಾರ, ಖರೇ. ಆದ್ರ ಮಂದಿಗೆ ಸಂಶಯ ಬಂದೈತಿ. ಒಂದ ತಿಂಗಳು ಗೌರೀಶ ಮಾಡ್ಲಿ. ಹೆಂಗಾಗ್ತದ ನೋಡೂಣು." ಎಲ್ಲರೂ ತಲೆಯಾಡಿಸಿದರು. ರೇಣವ್ವನಿಗೆ ಹೊರೆ ಇಳಿದಂತಾಯಿತು. ಗುಪ್ತಪದವನ್ನು ಅಲ್ಲೇ ಗೌರೀಶನಿಗೆ ಹೇಳಿಕೊಟ್ಟಳು. ತಿರುಗಿ ಬರುವಾಗ ರೈಲಿನಲ್ಲಿ ಮಾಸ್ತರರು, "ಬ್ಯಾಸರಾತೇನು?" ಎಂದರು. "ಇಲ್ಲ ಬಿಡ್ರಿ. ಮದುವಿ ಸೀರಿ ಭಾಳ ಬಂದಾವು" ಎಂದಳು. ಆದರೆ ಮರುದಿನ ಬೆಳಗ್ಗೆ ಚಹಾ ಕುಡಿದಾದ ಮೇಲೆ ಕೈ ಸುಮ್ಮನೆ ಮೊಬೈಲಿನ ಕಡೆ ಹೋಯಿತು.

ಹದಿನೈದು ದಿನವೂ ಆಗಿರಲಿಲ್ಲ, ಕಾಕತಿಯಿಂದ ಚನ್ನಬಸಯ್ಯನವರ ಫೋನು ಬಂತು. ಚನ್ನಬಸಯ್ಯನವರು ವಯಸ್ಸಾದ ಆಸ್ತಿಕರು. ಮಾಸ್ತರರ ಪ್ರತಿ ಲೇಖನಕ್ಕೂ ಮರ್ಯಾದೆ ಬಿಡದೆ ಉದ್ದುದ್ದ ಖಂಡನೆ ಬರೆಯುವುದು ಅವರ ನಿತ್ಯದ ಅಭ್ಯಾಸ. "ಮಾಸ್ತರ, ನನ್ನ ಮಾತು ಒಂದೂ ಕಾಣವಲ್ವು. ನಾ ಏನರ ತಪ್ಪು ಮಾತಾಡೇನೇನು?" ಎಂದು ನೊಂದುಕೊಂಡು ಕೇಳಿದರು. ಮಾಸ್ತರರು ಗೌರೀಶನನ್ನು ವಿಚಾರಿಸಬೇಕೆನ್ನುವಷ್ಟರಲ್ಲಿ ಗೌರೀಶನೇ ಗಾಡಿ ಹತ್ತಿಕೊಂಡು ಶಹಾಪುರಕ್ಕೆ ಬಂದ. ಬಂದವನು ಮಾಸ್ತರರ ಹತ್ತಿರ ಹೋಗದೆ ಮಷೀನಿನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತ.

"ಅಕ್ಕಾರ, ನನ್ನ ಕೈಲೆ ಆಗವಲ್ದು."

"ಯಾಕಪಾ?"

"ಆ ಮುದುಕರು ಚಲೋ ಮಾತಽ ಬರೀತಾರ. ಆದ್ರ 'ದೇವರ ದಯಾ' ಅಂತ ಎಲ್ಲೆರ ಬಂತಂದ್ರ ನನಗ ಕಣ್ಣಿಗೆ ಕತ್ತಲಿ ಬರ್ತೈತಿ. ತಗದಽ ಬಿಡ್ತೀನಿ. ಆಮ್ಯಾಲ ಯಾಕ ತಗದೆ ಅಂತ ನನಗಽ ತಿಳೀವಲ್ದು."

ರೇಣವ್ವ ಮಷೀನು ನಿಲ್ಲಿಸಿ ಚಹಾ ಮಾಡಿ ತಂದಳು. ಗೌರೀಶ ಕುಡಿಯುತ್ತ ಮೆಲ್ಲಗೆ ಹೇಳಿದ. ಅವನ ತಮ್ಮ ಮಾಯಪ್ಪ ಆಗಿನ್ನೂ ಸಣ್ಣ ಹುಡುಗ. ಕಣಕುಂಬಿಯ ಕಡೆಯ ಅಡವಿಯೊಳಗಿನ ಊರಿಗೆ, ತಾಯಿಯ ತವರಿಗೆ ಹೋಗಿದ್ದಾಗ ಗದ್ದೆಯ ಬದುವಿನಲ್ಲಿ ಹಾವು ಕಚ್ಚಿತು. ಹಿರಿಯರು ಗುಡಿಗೆ ಒಯ್ದು ದೇವರ ಭಂಡಾರದ ಅರಿಸಿನ ಹಚ್ಚಿ ಮಲಗಿಸಿದರು. ದೇವರ ದಯೆ ಇದ್ದರೆ ಏಳುತ್ತಾನೆ ಎಂದರು. ತಾಯಿ ರಾತ್ರಿಯೆಲ್ಲ ದೇವರ ಮುಂದೆ ಕೂತಿದ್ದಳು. ಮಾಯಪ್ಪ ಏಳಲಿಲ್ಲ. "ನಮ್ಮ ಅವ್ವ ಇನ್ನೂ ಅಂತಾಳ, ತನ್ನ ಭಕ್ತಿ ಕಡಿಮಿ ಬಿತ್ತು ಅಂತ. ಆ ಮಾತು ಕೇಳಿದಾಗ ನಾ ಲಿಂಗ ಬಿಚ್ಚಿದೆ."

ಒಳಗಿನ ಕೋಣೆಯಲ್ಲಿದ್ದ ಮಾಸ್ತರರಿಗೂ ಇದು ಗೊತ್ತಿರಲಿಲ್ಲ. ಅವರು ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು.

"ಒಂದ ಕೆಲಸ ಮಾಡೂಣು ತಮ್ಮಾ" ಎಂದಳು ರೇಣವ್ವ. "ಇಬ್ಬರೂ ಕೂಡಿ ನೋಡೂಣು. ನನಗ ಉರೀಯೂ ಮಾತು ಬಂದ್ರ ನಾ ಮುಟ್ಟಂಗಿಲ್ಲ, ನಿನ್ನ ಕಡೆ ಕಳಸ್ತೀನಿ. ನಿನಗ ಉರೀಯೂದನ್ನ ನೀ ನನ್ನ ಕಡೆ ಕಳಸು. ನಿಂದು ನಾ ನೋಡ್ತೀನಿ, ನಂದು ನೀ ನೋಡು."

ಗೌರೀಶ ಒಪ್ಪಿದ. ಕಟ್ಟೆಯವರಿಗೂ ತಿಳಿಸಿದ್ದಾಯಿತು. ಒಬ್ಬಿಬ್ಬರು ಮುನಿಸಿಕೊಂಡು ಬಿಟ್ಟುಹೋದರು, ಉಳಿದವರು ನೋಡೋಣ ಎಂದರು. ಚನ್ನಬಸಯ್ಯನವರ ಮಾತುಗಳು ಡಬ್ಬಿಯಿಂದ ಎದ್ದು ಬಂದು ಸಾಲಾಗಿ ನಿಂತವು. ಅವರು ಒಂದಕ್ಕೆ ಬದಲು ಎರಡು ಖಂಡನೆ ಬರೆಯತೊಡಗಿದರು.

ಮರುವರ್ಷದ ಮಳೆಗಾಲ. ಮಾಸ್ತರರು ಹಾವುಗಳ ಬಗ್ಗೆ ಹೇಳಿ ಬರೆಸಿದ ಲೇಖನವೊಂದು ಕಟ್ಟೆಯಲ್ಲಿತ್ತು. ಒಂದು ಬೆಳಗ್ಗೆ ಗೌರೀಶ ಒಂದು ಮಾತನ್ನು ರೇಣವ್ವನಿಗೆ ಕಳಿಸಿದ. ಜೊತೆಗೆ ಅವನದೊಂದು ಅಕ್ಷರವೂ ಇರಲಿಲ್ಲ. ಕಣಕುಂಬಿ ಕಡೆಯ ಯಾರೋ ಬರೆದಿದ್ದರು: 'ಹಾವು ಕಚ್ಚಿ ಸಾಯುವುದು ಅವರವರ ಕರ್ಮ. ನಂಬಿಕೆ ಗಟ್ಟಿ ಇದ್ದ ಮನೆಯಲ್ಲಿ ಯಾರೂ ಸತ್ತಿಲ್ಲ.'

ರೇಣವ್ವ ಅದನ್ನು ಗಂಡನಿಗೆ ಓದಿ ಹೇಳಿದಳು. ಬೈಗುಳವಿಲ್ಲ, ಜಾತಿಯಿಲ್ಲ, ಯಾರ ಹೆಸರೂ ಇಲ್ಲ. ನೇಮದ ಪ್ರಕಾರ ಇರಬೇಕು. ಗೌರೀಶನ ಅಂಗಡಿ, ಆ ಕಪ್ಪು ಬೆರಳುಗಳು ಅವಳ ಕಣ್ಣಿಗೆ ಬಂದವು. ಒಂದು ಗುಂಡಿ ಒತ್ತಿದರೆ ಮಾತು ಮಾಯ, ಯಾರೂ ಕೇಳುವವರಿಲ್ಲ.

"ತಗದ್ರ ಏನಾಗ್ತದ್ರಿ?"

"ಇಲ್ಲಿಂದ ಹೋಗ್ತದ. ಬರದವನ ತಲ್ಯಾಗಿಂದ ಹೋಗಂಗಿಲ್ಲ" ಎಂದರು ಮಾಸ್ತರರು. "ಅವನ ಮನ್ಯಾಗೂ ಮಕ್ಕಳಿರ್ತಾವು. ನೀನಽ ನೋಡು ರೇಣಾ, ನಾ ಹೇಳಂಗಿಲ್ಲ."

ಅವಳು ಗೌರೀಶನಿಗೆ ಫೋನು ಮಾಡಿದಳು. "ತಮ್ಮಾ, ನೇಮದಾಗ ಅದು ಇರಬೇಕಾಗ್ತದ. ನೀ ಬ್ಯಾಡ ಅಂದ್ರ ತಗೀತೀನಿ."

ಆ ಕಡೆ ಪೇಟೆಯ ಗದ್ದಲ ಕೇಳಿಸುತ್ತಿತ್ತು. ಗೌರೀಶ, "ಇರ್ಲಿ ಬಿಡ್ರಿ. ಅವತ್ತ ನಂದೂ ನೀವು ತಿರುಗಿ ಹಾಕಿದ್ರಿ. ಆದ್ರ ಅದಕ್ಕ ಉತ್ತರ ಬರ್ಯಾಕ ನನ್ನ ಕೈಲೆ ಆಗಂಗಿಲ್ರಿ ಇವತ್ತ" ಎಂದ.

"ನಾ ಬರೀತೇನಿ."

ಇಷ್ಟು ವರ್ಷ ಬೇರೆಯವರ ಮಾತು ಆರಿಸಿದ್ದಳೇ ಹೊರತು ಜಗಳದಲ್ಲಿ ತಾನೊಂದು ಮಾತು ಆಡಿದವಳಲ್ಲ. ಸೀರೆಗಳನ್ನು ಬದಿಗಿಟ್ಟು ಬರೆದಳು. ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಗಂಡನಿಂದ ಕೇಳಿ ಕೇಳಿ ಸೇರಿಸಿದಳು. 'ನಾನು ದಿನಾ ಪೂಜೆ ಮಾಡುವವಳು. ನಂಬಿಕೆ ಗಟ್ಟಿ ಇದ್ದ ಮನೆಯಲ್ಲೂ ಹಾವು ಕಚ್ಚಿ ಮಗು ಸತ್ತದ್ದು ನನಗೆ ಗೊತ್ತು. ಆ ತಾಯಿಯ ಭಕ್ತಿ ಕಡಿಮೆ ಇರಲಿಲ್ಲ. ಆಸ್ಪತ್ರೆಗೆ ಒಯ್ಯಲಿಲ್ಲ, ಅಷ್ಟೇ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ತಡ ಮಾಡದೆ ದೊಡ್ಡ ಸರಕಾರಿ ದವಾಖಾನೆಗೆ ಒಯ್ಯಿರಿ, ಹಾವಿನ ವಿಷಕ್ಕೆ ಅಲ್ಲಿ ಇಂಜೆಕ್ಷನ್ ಕೊಡುತ್ತಾರೆ. ದೇವರನ್ನು ನೆನೆಯುವುದಿದ್ದರೆ ದಾರಿಯಲ್ಲಿ ನೆನೆಯಿರಿ.'

ಮಧ್ಯಾಹ್ನದ ಹೊತ್ತಿಗೆ ಒಬ್ಬ ಕಟ್ಟಾ ನಾಸ್ತಿಕ ಆಕ್ಷೇಪ ಬರೆದ: ಕಡೆಯ ಸಾಲು ಪ್ರಶ್ನೆಕಟ್ಟೆಗೆ ತಕ್ಕದ್ದಲ್ಲ, ತೆಗೆಯಬೇಕು. ರೇಣವ್ವನಿಗೆ ಅದೇನೂ ಉರಿಯಲಿಲ್ಲ; ತಾನೇ ಒಪ್ಪಿಗೆ ಕೊಟ್ಟಳು. ಸಂಜೆ ಅದರ ಕೆಳಗೆ ಗೌರೀಶನ ಉತ್ತರ ಬಂದಿತ್ತು: 'ಗಾಡಿ ಓಡಿಸುವವನು ರಸ್ತೆ ನೋಡಿಕೊಂಡಿರಲಿ ಸಾಕು. ಹಿಂದೆ ಕೂತವರು ಯಾರನ್ನು ನೆನೆದರೂ ನಮ್ಮದೇನು ಹೋಗುತ್ತದೆ?'

ಅದನ್ನು ಓದಿ ಹೇಳಿದಾಗ ಮಾಸ್ತರರು ನಕ್ಕರು. ರೇಣವ್ವನೂ ನಕ್ಕಳು.

ಕಣಕುಂಬಿ ಕಡೆಯವನು ನಾಲ್ಕೈದು ದಿನ ಸುಮ್ಮನಿದ್ದ. ಆಮೇಲೆ ಒಂದೇ ಸಾಲು ಬಂತು: 'ಆ ಇಂಜೆಕ್ಷನ್ ಖಾನಾಪುರದಲ್ಲಿ ಸಿಗುತ್ತದೋ, ಬೆಳಗಾವಿಗೇ ಹೋಗಬೇಕೋ?' ಗೌರೀಶ ಆ ದಿನ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ, ತಾಲ್ಲೂಕಿನ ದವಾಖಾನೆಗೆ ತಾನೇ ಹೋಗಿ ವಿಚಾರಿಸಿಕೊಂಡು ಬಂದು, ಇದೆಯೆಂದು ತಿಳಿದು, ಫೋನ್ ನಂಬರು ಸಹಿತ ಉತ್ತರ ಬರೆದ. ರೇಣವ್ವ ಅದಕ್ಕೆ ಒಪ್ಪಿಗೆ ಒತ್ತಿ, ಮಾಸ್ತರರಿಗೆ ಓದಿ ಹೇಳಿ, ಮಷೀನಿಗೆ ದಾರ ಪೋಣಿಸತೊಡಗಿದಳು.

"ಮುಂದಿಂದು ಯಾರದು?" ಎಂದರು ಮಾಸ್ತರರು.

"ಚನ್ನಬಸಯ್ಯನವರದ್ರಿ. ಉದ್ದ ಐತಿ. ಈ ಸೀರಿ ಮುಗಿಸಿ ಓದತೇನಿ, ಗಪ್ ಕುಂದರ್ರಿ."